ಇವ್ರಕ್ಕ ಹೆಸರು ಹೇಳಿದಳು

ಕುಬಟೂರು
೧೮-೩-೧೯೫೮

ಗುತ್ಯಪ್ಪನವರಿಗೆ ವರದಮ್ಮ ಮಾಡುವ ನಮಸ್ಕಾರಗಳು.

ಹೆಂಡತಿಯ ಕೈಬರಹದಲ್ಲಿ ನಿಮ್ಮ ಹೆಸರು ನೋಡಿ ಮೈ ಉರಿದಿರಬೇಕು. ಉರಿಯಲಿ. 'ನೀವು' ಅನ್ನುವುದನ್ನು ಬಿಡಲು ಮಾತ್ರ ಇನ್ನೂ ಕೈ ಬರುತ್ತಿಲ್ಲ, ಅದೂ ಬರುತ್ತದೆ.

ಶಿಕಾರಿಪುರದ ನಿಮ್ಮ ಸನ್ಮಾನದಲ್ಲಿ ಯಾಕೆ ಹೀಗೆ ಮಾನ ಕಳೆದೆ ಅಂತ ಕೇಳಿದ್ದೀರಿ. ಕಾಗದದ ತುಂಬ ಬೈಗುಳ. ಹೇಳುತ್ತೇನೆ, ಕೇಳಿ.

ನಾಟಕದ ಕಂಪನಿ ಮುಚ್ಚಿ ನೀವು ಊರಿಗೆ ಬಂದು ಕೂತಿದ್ದಿರಲ್ಲ, ಆಗ ಗದ್ದೆಯ ಖಾತೆ ವಿಷಯಕ್ಕೆ ನಾನೇ ಸೊರಬದ ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತ ಗಂಡನ ಹೆಸರು ಕೇಳಿದ. ಕಟ್ಟಿಕೊಂಡವನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಗುತ್ಯಮ್ಮ ದೇವಿಯ ಹೆಸರು ಎತ್ತಿದರೂ ನಿಮ್ಮ ಹೆಸರು ಬಂದುಬಿಡುತ್ತದೆಂದು 'ಚಂದ್ರಗುತ್ತಿ ಗುಡ್ಡದ ಅಮ್ಮ ಅದಾಳಲ್ರೀ, ಆಯಮ್ಮನ ಹೆಸ್ರಿಗೆ ಅಪ್ಪ ಅಂತ ಸೇರಿಸ್ಕಳಿ' ಅಂತಷ್ಟೇ ಅಂದೆ. ಅವನು ಗುಡ್ಡಪ್ಪ ಅಂತ ಬರೆದುಕೊಂಡ. ಮನೆಗೆ ಬಂದು ಹೇಳಿದಾಗ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಎಷ್ಟೋ ದಿನದ ಮೇಲೆ ನಕ್ಕಿರಿ ಅಂತ ನನಗೂ ಖುಷಿಯೇ ಆಯಿತು. ಇನ್ನೊಮ್ಮೆ ಹೇಳು ಅಂದಿರಿ, ಹೇಳಿದೆ.

ನೀವು ಬೆಂಗಳೂರಿನ ರೇಡಿಯೋ ಸೇರಿದ ಮೇಲೆ ಅದೇ ಮಾತು, ಹೆಣ್ಣು ದನಿ ಮಾಡಿಕೊಂಡ ನಿಮ್ಮ ಬಾಯಲ್ಲಿ, ಪಂಚಾಯಿತಿ ಕಟ್ಟೆಯ ರೇಡಿಯೋದಲ್ಲಿ ಬಂತು. ಗಂಡನ ಹೆಸರು ಹೇಳದೆ 'ಇವ್ರು, ಇವ್ರು' ಅನ್ನುವ ಇವ್ರಕ್ಕ. ಮೂಗಿನಿಂದ ಬರುವ ನನ್ನ ದನಿ, ಮಾತಿನ ಕೊನೆ ಎಳೆಯುವ ನನ್ನ ಚಾಳಿ, ಗಾಬರಿಯಾದಾಗ ಬರುವ ಬಿಕ್ಕಳಿಕೆ ಕೂಡ. ನಿಮಗೆ ಊರೂರಲ್ಲಿ ಹೆಸರು ಬಂತು. ಇಲ್ಲಿ ನಾನು ಬಾಯಿ ತೆಗೆದರೆ ಸಾಕು, ನಗು. ಅಂಗಡಿಯಲ್ಲಿ ಉಪ್ಪು ಕೇಳಿದರೂ ನಗು. ಅವ್ವ ಸತ್ತ ದಿನ ಹೆಣದ ಮುಂದೆ ಕೂತು ಅತ್ತೆ. ನೆರೆಮನೆಯ ದುರುಗಮ್ಮ ಸೆರಗು ಬಾಯಿಗೆ ತುರುಕಿಕೊಂಡು ಎದ್ದು ಹೊರಗೆ ಹೋದಳು. ತಡೆಯಲಾರದೆ ಇದನ್ನೂ ನಿಮಗೆ ಬರೆದೆ. ಮುಂದಿನ ತಿಂಗಳು ಇವ್ರಕ್ಕ ರೇಡಿಯೋದಲ್ಲಿ ಅತ್ತಳು. ಆಮೇಲೆ ನಾನು ಮಾತಾಡುವುದನ್ನೇ ಬಿಟ್ಟೆ.

ಈಗ ನಿಮ್ಮ ಗಂಟಲು ಕಟ್ಟಿತು. ಸನ್ಮಾನದ ದಿನ ಇವ್ರಕ್ಕನ ಆಟ ಇಟ್ಟುಕೊಂಡಿದ್ದಾರೆ, ನೀನು ಪರದೆ ಹಿಂದೆ ನಿಂತು ಮಾತಾಡು, ನಾನು ಸೀರೆ ಉಟ್ಟು ಮುಂದೆ ಬಾಯಿ ಆಡಿಸುತ್ತೇನೆ ಅಂತ ಬರೆದಿರಿ. ಅಂದೇ ತೀರ್ಮಾನ ಮಾಡಿದೆ, ಇದೇ ಸಮಯ, ಬಿಡಬಾರದು ಅಂತ.

ಗುಮಾಸ್ತನ ಪಾತ್ರದ ಶೇಷಪ್ಪ 'ಗಂಡನ ಹೆಸ್ರೇನಮ್ಮಾ' ಅಂದ. ಜನ ಆಗಲೇ ನಗಲು ಶುರು ಮಾಡಿದ್ದರು. ನಾನು ಎಳೆಯದೆ, ತೊದಲದೆ 'ಗುತ್ಯಪ್ಪ' ಅಂದೆ. ಅಷ್ಟೇ ಅಂದೆ. ಶೇಷಪ್ಪನಿಗೆ ಮುಂದೆ ಕೇಳಲು ಏನೂ ಉಳಿಯಲಿಲ್ಲ. ನೀವು ಮಾತ್ರ ಗುಡ್ಡದ ಕಡೆ ಕೈ ತೋರಿಸುತ್ತ, ಸೆರಗು ಕಚ್ಚುತ್ತ ಬಾಯಿ ಆಡಿಸುತ್ತಲೇ ಇದ್ದಿರಿ. ಪರದೆ ಸರಿಸಿ ಹೊರಗೆ ಬಂದು ಇನ್ನೊಮ್ಮೆ ಹೇಳಿದೆ, ಇವರು ನನ್ನ ಗಂಡ ಗುತ್ಯಪ್ಪ, ಈ ದನಿ ನನ್ನದು ಅಂತ. ಒಬ್ಬರೂ ನಗಲಿಲ್ಲ. ನಿಮ್ಮ ಮುಖ ನೋಡಿ ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು.

ಗುಲ್ಲು ಬೆಂಗಳೂರಿಗೂ ಮುಟ್ಟಿ ರೇಡಿಯೋದವರು ಇವ್ರಕ್ಕನನ್ನು ನಿಲ್ಲಿಸಿದರಂತೆ. ಸಂತೋಷ. ಗಂಟಲು ವಾಸಿಯಾದ ಮೇಲೆ ನಿಮ್ಮ ಸ್ವಂತ ದನಿಯಲ್ಲಿ ಯಾರನ್ನಾದರೂ ನಗಿಸಿ, ನೋಡೋಣ.

ಇತಿ,
ವರದಮ್ಮ

ತಾ.ಕ.: ಕಾಗದ ಮಡಚಿದ ಮೇಲೆ, ಸುಳ್ಳು ಬರೆದೆ ಅನ್ನಿಸಿತು. ಸೇಡಿಗೆಂದು ನಾನು ಬಸ್ಸು ಹತ್ತಲಿಲ್ಲ. ನಿಮ್ಮ ಮಾನ ಉಳಿಸಲೆಂದೇ ಬಂದೆ. ದಾರಿಯುದ್ದಕ್ಕೂ ದನಿ ಕೆಡದಿರಲೆಂದು ಜ್ಯೇಷ್ಠಮಧು ಅಗಿಯುತ್ತ, ನೀವು ಬರೆದುಕೊಟ್ಟ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದೆ. ಆಟಕ್ಕೆ ಮುಂಚೆ ಅಧ್ಯಕ್ಷರು, ನಿಮ್ಮ ಮನೆಯವರನ್ನೂ ಕರೆಸಿ, ಎರಡು ಮಾತಾಡಲಿ ಅಂದರಲ್ಲ. ನೀವು ಆ ಒಡಕು ಗಂಟಲಲ್ಲೇ 'ಬ್ಯಾಡ್ರೀ, ಅವ್ಳು ಹುಟ್ಟು ಮೂಗಿ' ಅಂದಿರಿ. ಪರದೆ ಬಟ್ಟೆಯದು, ಗೋಡೆಯಲ್ಲ.