ಹನ್ನೊಂದು ಗಂಟೆಯ ಫೋನು ನಿಮ್ಮದು

ಅತ್ತೆ,

ನಾನು ಬ್ಯಾಂಕಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಬಿಸಿ ಇರುವಾಗಲೇ ತಿನ್ನಿ.

ನಿನ್ನೆ ಮ್ಯಾಚಿನ ನಡುವೆಯೇ ಜರಗನಹಳ್ಳಿಯಲ್ಲಿ ನಾವು ಕೇಬಲ್ ಕೊಡುವ ಮನೆಗಳಿಗೆಲ್ಲ ಸ್ಪೋರ್ಟ್ಸ್ ಚಾನೆಲ್ ನಿಲ್ಲಿಸಿ, ಆ ಚಾನೆಲ್ ಕಂಪನಿಯವನು ದುಪ್ಪಟ್ಟು ದರದ ಒಪ್ಪಂದದ ಕಾಗದ ತಂದ. ನಿಮ್ಮ ಮಗ ಸಹಿ ಹಾಕಲು ಪೆನ್ನು ಹುಡುಕುತ್ತಿದ್ದರು. ನೀವು ಕಾಫಿ ಕೊಡುತ್ತಲೇ ಅಂದಿರಲ್ಲ, "ಹಬ್ಬಕ್ಕೆ ಹೂವಿನ ರೇಟ್ ಏರ್ಸೋದು ಗೊತ್ತಪ್ಪ. ಮುಡಿದಿರೋ ಹೂವು ಕಿತ್ಕೊಂಡು ರೇಟ್ ಹೇಳೋರ್ನ ಇವತ್ತೇ ನೋಡಿದ್ದು!" ಅವನು ಲೋಟ ಅರ್ಧಕ್ಕೇ ಇಟ್ಟು ಎದ್ದ. ನಿಮಗೆ ಸೀರಿಯಲ್ ಬಿಟ್ಟು ಬೇರೇನೂ ತಿಳಿಯದು ಅಂದುಕೊಂಡಿದ್ದೆ, ತಪ್ಪಾಯಿತು.

ಹನ್ನೊಂದಕ್ಕೆ ಅವನ ಮ್ಯಾನೇಜರು ಫೋನ್ ಮಾಡುತ್ತಾರಂತೆ. ನೀವೇ ಎತ್ತಿ. ನಿಮ್ಮ ಮಗನನ್ನು ಅವರೆಕಾಯಿ ಬಿಡಿಸಲು ಕೂರಿಸಿ. ಮನೆಯ ಪೆನ್ನುಗಳನ್ನೆಲ್ಲ ನಾನು ಒಯ್ಯುತ್ತಿದ್ದೇನೆ, ಇದನ್ನು ಬರೆದದ್ದೂ ಸೇರಿ.

ಸುಕನ್ಯ