ಇನ್ನೂ ಏನೂ ಶುರುವಾಗಿಲ್ಲ

ಹಾಸ್ಟೆಲ್, ಎರಡನೇ ಮಹಡಿ
ಭಾನುವಾರ, ಊಟ ಆದ ಮೇಲೆ

ನನ್ನ ಮೊಂಡು ಅಮ್ಮನಿಗೆ,

ನಿನ್ನ ಕಾಗದ ನಿನ್ನೆ ಕೈ ಸೇರಿತು. ಮೊದಲ ಸಲ ಓದಿದಾಗ ಅಳು ಬಂತು, ಎರಡನೇ ಸಲ ಓದಿದಾಗ ಸಿಟ್ಟು ಬಂತು. ಈಗ ಬರೆಯುತ್ತಿರುವುದು ಸಿಟ್ಟಿನಲ್ಲಿ, ಅಕ್ಷರ ದಪ್ಪ ಬಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು "ಸರಿ ಬಿಡು, ಊಟ ಆಯ್ತಾ?" ಅಂತ ಮಾತು ತಿರುಗಿಸುತ್ತೀಯ, ನಾನು "ಆಯ್ತು" ಅಂದು ಇಟ್ಟುಬಿಡುತ್ತೇನೆ. ಚಿಕ್ಕವಳಿದ್ದಾಗಲೇ ನನ್ನನ್ನು ಹಾಸ್ಟೆಲಿಗೆ ಹಾಕಿದವಳು ನೀನು, ಭಾನುವಾರ ಕಾಗದ ಬರೆಯುವ ಚಟ ಹತ್ತಿಸಿದವಳೂ ನೀನೇ. ಮುಖ್ಯವಾದ ಮಾತೆಲ್ಲ ನಾವಿಬ್ಬರೂ ಕಾಗದದಲ್ಲೇ ಆಡಿದ್ದು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಅಂತ ಮಾವ ನಗುತ್ತಾನೆ. ನಗಲಿ.

ಬುಧವಾರ ಆ ದೊಡ್ಡ ಬ್ಯಾಂಡಿನ ಟೂರ್ ಮ್ಯಾನೇಜರ್ ಬಂದಾಗ "ಉಳಿದ ಊರುಗಳಿಗೆ ನಾವು ಬರಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂತ ಹೇಳಿಬಿಡುತ್ತೇನೆ ಎಂದು ಬರೆದಿದ್ದೀಯ. ಅದಕ್ಕೆ ನೀನು ಕೊಟ್ಟ ಕಾರಣವನ್ನು ಇನ್ನೊಂದು ಸಲ ಓದುತ್ತಿದ್ದೇನೆ. ಅಷ್ಟು ದೊಡ್ಡ ಮೈದಾನದಲ್ಲಿ "ಇನ್ನೊಂದು ಹಾಡಿ" ಎಂದು ಕೂಗಿದ್ದು ಒಂದೇ ಒಂದು ದನಿಯಂತೆ. ಆ ಒಡಕು ದನಿ ಯಾರದು ಅಂತ ಹೆತ್ತವಳಿಗೆ ಗೊತ್ತಾಗುವುದಿಲ್ಲವೇ ಅಂತೆ. ಮಗಳು ಕೂಗಿದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ. ಮಿಕ್ಕವರಿಗೆ ಬೇಡವಾದ ಮೇಲೆ ಮೈಕ್ ಹಿಡಿದು ನಿಲ್ಲುವುದು ಯಾವ ಮರ್ಯಾದೆ ಅಂತೆ.

ಆ ದನಿಯ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಬೈಯಬೇಕಾದವರನ್ನೆಲ್ಲ ಬೈದು ಮುಗಿಸುತ್ತೇನೆ.

ಮೊದಲು ಮಾವ. ಅವನಿಗೆ ಓದಿ ಹೇಳು. ಪ್ರತಿ ಹಾಡಿಗೂ ಮುಂಚೆ ಗಿಟಾರಿನ ಕಿವಿ ಹಿಂಡುತ್ತಾ ಕೂರುವುದು ನೀವು ಯಾವಾಗಲೂ ಹಾಡುವ ಲೈಬ್ರರಿಯ ಹಾಲ್‌ನಲ್ಲಿ ನಡೆಯುತ್ತದೆ. ಅಲ್ಲಿ ಬರುವ ಹಿರಿಯರು ಅಷ್ಟು ಹೊತ್ತಿಗೆ ಕೆಮ್ಮಿ, ಕನ್ನಡಕ ಒರೆಸಿ ಸಿದ್ಧರಾಗುತ್ತಾರೆ. ಇದು ಮೈದಾನ, ಮಾವ! ಬಿಸಿಲಲ್ಲಿ ನಿಂತು ಕಾಲು ಬಿದ್ದುಹೋದ ಜನ. ಅವರಿಗೆ ಟಿಂಗ್ ಟಿಂಗ್ ಟಿಂಗ್ ಅಂದರೆ ರೇಗುವುದಿಲ್ಲವೇ? ಹಿಂದಿನಿಂದ ಯಾವನೋ "ಅಣ್ಣಾ, ಅಂಗಡೀಲೇ ರಿಪೇರಿ ಮಾಡಿಸ್ಕೊಂಡು ಬರ್ಬಾರ್ದಿತ್ತಾ?" ಅಂದಿದ್ದಕ್ಕೆ ಎಲ್ಲರೂ ನಕ್ಕರು. ನನಗೆ ಅವನ ಕತ್ತು ಹಿಸುಕುವಷ್ಟು ಕೋಪ ಬಂತು, ಆದರೆ ಅವನು ಹೇಳಿದ್ದು ಸರಿಯೇ ಇತ್ತು. ಅದಕ್ಕೇ ಇನ್ನೂ ಕೋಪ.

ಆಮೇಲೆ ಆ ಸೌಂಡಿನವರು. ದೊಡ್ಡ ಬ್ಯಾಂಡಿನ ವಾದ್ಯಗಳನ್ನೆಲ್ಲ ಮೊದಲೇ ಜೋಡಿಸಿ ಕಪ್ಪು ಬಟ್ಟೆ ಮುಚ್ಚಿ, ಅವುಗಳ ಮುಂದೆ ಒಂದು ಚಾಪೆಯಷ್ಟು ಜಾಗ ನಿಮಗೆ ಬಿಟ್ಟರಂತಲ್ಲ. ಮುಖ್ಯ ಬ್ಯಾಂಡಿಗೆ ಮುಂಚೆ ಹಾಡುವ ಓಪನರ್‌ಗಳಿಗೆ ಸೌಂಡ್ ಪೂರ್ತಿ ಕೊಡುವುದಿಲ್ಲ, ಅದು ಎಲ್ಲ ಕಡೆಯ ರೂಢಿ ಅಂತ ಮ್ಯಾನೇಜರ್ ನಿನಗೆ ಸಮಾಧಾನ ಹೇಳಿದನಂತೆ. ಎಂಥ ರೂಢಿ ಅದು? ಮನೆಗೆ ಕರೆದು ಅರ್ಧ ಬಾಗಿಲು ತೆರೆದ ಹಾಗೆ. ನಿನ್ನ ದನಿ ನಿಧಾನದ ಹಾಡಿನಲ್ಲಿ ಒಂದು ಕಡೆ ಕೆಳಗಿಳಿಯುತ್ತದಲ್ಲ, ನಾನು ಮಗುವಾಗಿದ್ದಾಗ ನಿದ್ದೆ ಹೋಗುತ್ತಿದ್ದೆನಲ್ಲ ಆ ಜಾಗ, ಅದು ಕೇಳಿಸಲೇ ಇಲ್ಲ. ಗಾಳಿ ತಿಂದುಬಿಟ್ಟಿತು.

ಈಗ ನಿನ್ನ ಸರದಿ. ಅಮ್ಮಾ, ನೀನು ಯಾಕೆ ನಿಮ್ಮ ಹೆಸರು ಹೇಳಲಿಲ್ಲ?

ಅನೌನ್ಸರ್ ಹೇಳುತ್ತಾನೆ ಅಂದುಕೊಂಡೆ ಅಂತ ಬರೆದಿದ್ದೀಯ. ನೀವೇ ಹೇಳುತ್ತೀರಿ ಅಂತ ಅವನು ಅಂದುಕೊಂಡ. ನಿಮ್ಮಿಬ್ಬರ ಸೌಜನ್ಯದ ನಡುವೆ ಸಾವಿರಾರು ಜನ ಯಾರ ಹಾಡು ಕೇಳಿದೆವು ಅಂತ ಗೊತ್ತಿಲ್ಲದೆ ಮನೆಗೆ ಹೋದರು. ಹೆಸರು ಹೇಳುವ ಬದಲು ನೀನು ಹೇಳಿದ್ದೇನು? ಕೊನೆಯ ಹಾಡಿಗೆ ಮುಂಚೆ ಜನ ಗಲಾಟೆ ಮಾಡಿದಾಗ, ಡೆಂಟಿಸ್ಟ್ ಕ್ಲಿನಿಕ್ಕಿನ ಕೌಂಟರ್‌ನಲ್ಲಿ ಹೇಳುವ ಅದೇ ದನಿಯಲ್ಲಿ, ಅದೇ ನಯದಲ್ಲಿ, "ದಯವಿಟ್ಟು ಸ್ವಲ್ಪ ಕಾಯಿರಿ, ಇನ್ನೇನು ಒಳಗೆ ಕರೀತಾರೆ" ಅಂದುಬಿಟ್ಟೆ! ಮೈದಾನವಿಡೀ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿನ್ನನ್ನು ಗೇಲಿ ಮಾಡಿ ನಕ್ಕರು ಅಂತ ನೀನು ತಿಳಿದಿದ್ದೀಯ. ಇಲ್ಲ ಕಣಮ್ಮ. ಈಗ ನಮ್ಮ ಮೆಸ್ಸಿನ ಕ್ಯೂನಲ್ಲಿ ಯಾರಾದರೂ ನುಗ್ಗಿದರೆ ಹುಡುಗಿಯರು ನಿನ್ನ ರಾಗದಲ್ಲೇ "ದಯವಿಟ್ಟು ಸ್ವಲ್ಪ ಕಾಯಿರಿ" ಅನ್ನುತ್ತಾರೆ. ಪ್ರತಿ ಸಲವೂ ನೀನೇ ಬಂದೆಯೇನೋ ಅಂತ ತಿರುಗಿ ನೋಡುತ್ತೇನೆ.

ನೀನು ಬರೆದ ಹಾಗೆ ಎಲ್ಲರಿಗೂ ನೀವು ಬೇಡವಾಗಿರಲಿಲ್ಲ. ಜನ ಒಂದೇ ಥರ ಇರುವುದಿಲ್ಲ ಅಂತ ನನಗೂ ಗೊತ್ತಾಗಿದ್ದು ಮಾರನೆಯ ಬೆಳಿಗ್ಗೆ. ಬ್ರೆಡ್ಡಿಗೆ ಜಾಮ್ ಹಚ್ಚುತ್ತಾ ನಮ್ಮ ಟೇಬಲ್ಲಿನಲ್ಲಿ ದೊಡ್ಡ ಕೋರ್ಟೇ ನಡೆಯಿತು. ನನ್ನ ರೂಮ್‌ಮೇಟ್ ಗೂಬೆ ಇದ್ದಾಳಲ್ಲ, ಬೆಳಗಿನ ಜಾವದವರೆಗೂ ಎದ್ದಿರುವವಳು, ಅವಳ ಪ್ರಕಾರ ಓಪನಿಂಗ್ ಆಕ್ಟ್ ಅಂದರೆ ಸಿನಿಮಾಗೆ ಮುಂಚೆ ತೋರಿಸುವ ಸೋಪಿನ ಜಾಹೀರಾತು. "ಅದನ್ನ ನೋಡೋಕೆ ಅಂತ ಯಾರಾದ್ರೂ ಬೇಗ ಹೋಗ್ತಾರೇನೇ?" ಅಂತ ನನ್ನನ್ನೇ ಕೇಳಿದಳು. ಎದುರು ರೂಮಿನ ಸೀನಿಯರ್ ಅಕ್ಕ ಮಧ್ಯಾಹ್ನದಿಂದಲೇ ಮುಂದಿನ ಕಂಬಿ ಹಿಡಿದು ನಿಂತವಳು, ನೀರು ಕುಡಿದರೆ ಜಾಗ ಬಿಟ್ಟು ಹೋಗಬೇಕಾಗುತ್ತದೆ ಅಂತ ನೀರೂ ಕುಡಿದಿಲ್ಲ. ಅವಳಿಗೆ ನೀವು ಹಾಡಿದ ಒಂದೊಂದು ನಿಮಿಷವೂ ಶತ್ರು. "ಚೆನ್ನಾಗಿ ಹಾಡಿದ್ರು ಕಣ್ರೇ, ಅದೇ ಪ್ರಾಬ್ಲಮ್ಮು. ಕೆಟ್ಟದಾಗಿ ಹಾಡಿದ್ರೆ ಬಾಯ್ತುಂಬ ಬೈಬಹುದಿತ್ತು" ಅಂದಳು. ನಿಧಾನದ ಹಾಡನ್ನು ಮೊದಲೇ ಇಟ್ಟದ್ದು ನಿಮ್ಮ ತಪ್ಪಂತೆ. ಕುಣಿಯೋ ಹಾಡು ಮೊದಲು ಹಾಕಿ, ಜನ ಕೈಗೆ ಸಿಕ್ಕ ಮೇಲೆ ಅಳಿಸಬೇಕಂತೆ. ಇದನ್ನು ನೀನು ಬರೆದಿಟ್ಟುಕೊಳ್ಳಬೇಕು ಅಂತ ನನಗೆ ಅನಿಸಿತು.

ನೋವಾದದ್ದು ಮೌನಿಯಿಂದ. ಮೂರನೇ ಮಹಡಿಯ ಹುಡುಗಿ, ಮಾತೇ ಆಡುವುದಿಲ್ಲ, ಅದಕ್ಕೇ ಆ ಹೆಸರು. ಎಲ್ಲರ ವಾದ ಮುಗಿದ ಮೇಲೆ ಅವಳು ತಟ್ಟೆ ನೋಡುತ್ತಾ, "ಆ ಎರಡನೇ ಹಾಡು ನನ್ ತಲೆಯಿಂದ ಹೋಗ್ತಾನೇ ಇಲ್ಲ. ಅವ್ರ ಹೆಸರೇನಂತ ಯಾರಿಗಾದ್ರೂ ಗೊತ್ತಾ?" ಅಂತ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಸೀನಿಯರ್ ಅಕ್ಕ "ಹಸಿರು ಕೋಟಿನ ಆಂಟಿ" ಅಂದಳು. ನನ್ನ ಬಾಯಿ ತೆರೆಯಿತು, ಒಂದು ತುಂಡು ಬ್ರೆಡ್ಡು ಹಾಕಿ ಮುಚ್ಚಿಬಿಟ್ಟೆ.

ಹೌದು, ನೀನು ನನ್ನ ಅಮ್ಮ ಅಂತ ಇಲ್ಲಿ ಯಾರಿಗೂ ಹೇಳಿಲ್ಲ. ನಾಚಿಕೆಯಿಂದ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡ. ಈ ಹಾಸ್ಟೆಲಿಗೆ ಹೊಸಬಳು ನಾನು. ಕ್ಲಾಸಿನಲ್ಲಿ ಎದ್ದು ನಿಂತು ರೋಲ್ ನಂಬರ್ ಹೇಳುವಾಗಲೇ ತಡವರಿಸುತ್ತೇನೆ. ಮೊದಲೇ ಹೇಳಿದ್ದರೆ ಇಡೀ ಮಹಡಿ ನಿನ್ನನ್ನು ತೂಕ ಹಾಕಲೆಂದೇ ಹೊರಟು ಬರುತ್ತಿತ್ತು. ನೀನು ಎಡವಿದರೆ ಅವರು ನನ್ನ ಮುಖ ನೋಡುತ್ತಿದ್ದರು. ಆಮೇಲೆ ಹೇಳೋಣ, ಚೆನ್ನಾಗಿ ಆದ ಮೇಲೆ ಜಂಬದಿಂದ ಹೇಳೋಣ ಅಂತ ಲೆಕ್ಕ ಹಾಕಿದೆ. ಚೆನ್ನಾಗಿ ಆಯಿತೋ ಇಲ್ಲವೋ ಅಂತಲೇ ತೀರ್ಮಾನ ಆಗುತ್ತಿಲ್ಲವಲ್ಲ!

ಫೋನಿನಲ್ಲೂ ಅದೇ ಜಗಳ. ಯಾರೋ ನಿಮ್ಮ ವಿಡಿಯೋ ಹಾಕಿದ್ದಾರೆ, ಕೆಳಗೆ ಕಾಮೆಂಟುಗಳ ಕುಸ್ತಿ. "ಇವರನ್ನ ಯಾರ್ ಕರ್ಸಿದ್ದು?" ಅಂತ ಒಬ್ಬ. "ಮೇನ್ ಬ್ಯಾಂಡ್‌ಗಿಂತ ಇವ್ರೇ ವಾಸಿ" ಅಂತ ಇನ್ನೊಬ್ಬ. ಒಬ್ಬಾಕೆ, "ಎರಡನೇ ಹಾಡಿಗೆ ನನ್ನ ಗಂಡ ಫೋನ್ ಜೇಬಿಗಿಟ್ಟ, ಅದೇನು ಸಣ್ಣ ಸಾಧನೆ ಅಲ್ಲ" ಅಂತ ಬರೆದಿದ್ದಾಳೆ. ಆದರೆ ಇದು ನಿನಗೆ ನಾಟುವುದಿಲ್ಲ, ಗೊತ್ತು. ಮನೆಯಲ್ಲಿ ಕೂತು ಬೆರಳಾಡಿಸುವವರನ್ನು ನೀನು ನಂಬುವುದಿಲ್ಲ. ಎದುರಿಗೆ ನಿಂತವರು ಬಾಯಿಬಿಟ್ಟು ಕೇಳಿದರೆ ಮಾತ್ರ ನಿನಗೆ ಹಾಡು ಮುಟ್ಟಿದ ಹಾಗೆ.

ಹಸಿರು ಕೋಟು ಹೇಗಿತ್ತು ಅಂತ ಎರಡು ಸಲ ಕೇಳಿದ್ದೀಯ. ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ನೀನು ಎಡಗಡೆ ತಿರುಗಿ ಕೈ ಬೀಸಿದ್ದು ನನಗೇ ಅಂತಲೂ ಬರೆದಿದ್ದೀಯ. ಆಯ್ತಮ್ಮ.

ನೆನಪಿದೆಯಾ, ಇದೆಲ್ಲ ಹೇಗೆ ಶುರುವಾಯಿತು ಅಂತ? ಆ ಬ್ಯಾಂಡಿನ ಡ್ರಮ್ಮರ್ ಹಲ್ಲು ಮುರಿದುಕೊಂಡು ನಿನ್ನ ಕ್ಲಿನಿಕ್ಕಿಗೆ ಬಂದ. ಒಳಗೆ ಡ್ರಿಲ್ ಗುಂಯ್ ಅನ್ನುತ್ತಿತ್ತು, ಹೊರಗೆ ಕೌಂಟರ್‌ನಲ್ಲಿ ನೀನು ಯಾವತ್ತಿನ ಹಾಗೆ ಆ ಗುಂಯ್‌ನ ಶ್ರುತಿ ಹಿಡಿದು ಗುನುಗುತ್ತಿದ್ದೆ. ಅವನು ಅರ್ಧ ಬಾಯಿ ಮರಗಟ್ಟಿದ್ದರೂ ಎದ್ದು ಬಂದು "ಯಾಲು ಹಾಲಿದ್ದು?" ಅಂದನಂತೆ, ಯಾರು ಹಾಡಿದ್ದು ಅಂತ. ಆಮೇಲೆ ತಮ್ಮ ಟೂರಿನಲ್ಲಿ ಮೊದಲು ಹಾಡಲು ನಿಮ್ಮಿಬ್ಬರನ್ನೂ ಕರೆದ. ಅವತ್ತು ನೀನು ಬರೆದ ಕಾಗದದಲ್ಲಿ ಅಕ್ಷರಗಳು ಗೆರೆ ಮೇಲೆ ನಿಂತಿರಲಿಲ್ಲ, ಕುಣಿಯುತ್ತಿದ್ದವು. ಇಷ್ಟು ವರ್ಷ ಹಲ್ಲುನೋವಿನವರನ್ನು ಸಮಾಧಾನ ಮಾಡಿಕೊಂಡು, ಸಂಜೆ ಮಾವನ ಜೊತೆ ಅಲ್ಲಿ ಇಲ್ಲಿ ಹಾಡಿಕೊಂಡು ಇದ್ದವಳು ಮೊದಲ ಸಲ "ನನಗೆ ಆಸೆ ಆಗಿದೆ ಕಣೇ" ಅಂತ ಬರೆದೆ. ನಿನ್ನೆ ಬಂದ ಕಾಗದದಲ್ಲಿ ಎಲ್ಲ ಅಕ್ಷರಗಳೂ ಗೆರೆ ಮೇಲೆ ನೆಟ್ಟಗೆ ಕೂತಿವೆ. ಅದನ್ನು ನೋಡಿಯೇ ನನಗೆ ಹೆದರಿಕೆ ಆದದ್ದು.

ಬುಧವಾರ ನೀನು ಬೇಡ ಅಂದರೆ ಆ ಮ್ಯಾನೇಜರ್ ಒಂದು ಕ್ಷಣವೂ ಬೇಸರ ಪಡುವುದಿಲ್ಲ. ಬೇರೆ ಯಾರನ್ನೋ ಆ ಚಾಪೆಯಷ್ಟು ಜಾಗದಲ್ಲಿ ನಿಲ್ಲಿಸುತ್ತಾನೆ. ನೀನು ಕೌಂಟರಿಗೆ ವಾಪಸ್ ಹೋಗುತ್ತೀಯ, ಯಾರಾದರೂ ಕೇಳಿದರೆ "ನಮಗೆಲ್ಲ ಅದು ಆಗಿಬರಲ್ಲ" ಅಂತ ನಗುತ್ತೀಯ. ಡ್ರಿಲ್ ಶಬ್ದಕ್ಕೆ ಗುನುಗುವುದನ್ನೂ ಬಿಟ್ಟುಬಿಡುತ್ತೀಯ. ನಿನ್ನನ್ನು ನಾನು ಬಲ್ಲೆ.

ಇಷ್ಟು ಹೊತ್ತು ಕೊಯ್ದೆ. ಮಗುವಾಗಿದ್ದಾಗಲೇ ನನ್ನ ಅಳು ಕೇಳಿ ನೀನಿಟ್ಟ ಹೆಸರನ್ನು ಉಳಿಸಿಕೊಂಡಿದ್ದೇನೆ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಪಿಟೀಲು

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಆ ದನಿಯ ವಿಷಯ ಆಮೇಲೆ ಅಂದಿದ್ದೆನಲ್ಲ. ಅಮ್ಮಾ, ಅದು ನನ್ನದಲ್ಲ. ನೀನು ಹಾಡುವಾಗ ನಾನು ಒಳಗೆ ಇರಲೇ ಇಲ್ಲ. ಗೂಬೆ "ಓಪನರ್ ಮುಗಿಯೋ ಹೊತ್ತಿಗೆ ಹೋದ್ರೆ ಸಾಕು" ಅಂದಳು. ಬೇಗ ಹೋಗಲು ಕಾರಣ ಹೇಳಬೇಕಾಗುತ್ತದೆ ಅಂತ ನಾನು ಹೂಂ ಅಂದೆ. ಆದರೂ ದಾರಿಯಲ್ಲೆಲ್ಲ ಅವಳನ್ನು ಅವಸರಪಡಿಸಿದೆ. ಗೇಟಿನಲ್ಲಿ ಅವಳ ಸ್ಟೀಲ್ ಬಾಟಲಿ ಒಳಗೆ ಬಿಡುವುದಿಲ್ಲ ಅಂತ ಕಾವಲಿನವನು ತಡೆದ, ಅವಳು ವಾದಕ್ಕೆ ನಿಂತಳು. ತಗಡಿನ ಗೋಡೆಯ ಆಚೆಯಿಂದ ನಿನ್ನ ದನಿ ಬಂತು. ಮಾವನ ಟಿಂಗ್ ಟಿಂಗ್, ಯಾರದೋ ಕೀಟಲೆ, ನಗು, "ದಯವಿಟ್ಟು ಸ್ವಲ್ಪ ಕಾಯಿರಿ", ನಾನು ಬರೆದದ್ದೆಲ್ಲ ಆ ತಗಡಿಗೆ ಕಿವಿ ಕೊಟ್ಟು ಕೇಳಿದ್ದು. ಹಸಿರು ಕೋಟು ನಾನು ನೋಡಿಲ್ಲ. ನೀನು ಕೈ ಬೀಸಿದ್ದು ಬೇರೆ ಯಾರಿಗೋ ಸಿಕ್ಕಿತು. ನನ್ನ ಪಕ್ಕದಲ್ಲಿದ್ದವನು ಫೋನಿನಲ್ಲಿ "ಇಲ್ಲಪ್ಪ, ನಿಧಾನವಾಗಿ ಬಾ, ಇನ್ನೂ ಏನೂ ಶುರುವಾಗಿಲ್ಲ" ಅನ್ನುತ್ತಿದ್ದ. ಆಗ ನೀನು ಎರಡನೇ ಹಾಡಿನ ಮಧ್ಯದಲ್ಲಿದ್ದೆ. ನಾನು ಅವನಿಗೂ ಏನೂ ಹೇಳಲಿಲ್ಲ.

ಆಮೇಲೆ "ಇನ್ನೊಂದು ಹಾಡಿ" ಅಂತ ಆ ಕೂಗು. ಅದು ನನಗೂ ಕೇಳಿಸಿತು, ಗೋಡೆ ಹಾರಿ ಬಂತು. ಒಡಕು ದನಿ, ಒಂದು ಸಲವಲ್ಲ, ಪಾಪ, ಒಬ್ಬರೇ ಮತ್ತೆ ಮತ್ತೆ ಕೂಗಿದರು. ಯಾರೋ ಗೊತ್ತಿಲ್ಲ. ನಿನ್ನ ಹೆಸರೂ ಗೊತ್ತಿಲ್ಲದ, ನಮಗೆ ಯಾವ ಸಂಬಂಧವೂ ಇಲ್ಲದ, ಎದುರಿಗೇ ನಿಂತಿದ್ದ ಒಬ್ಬರು. ಈಗ ಹೇಳು, ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ.

ನನ್ನ ಮೇಲೆ ಎಷ್ಟು ಕೋಪ ಬೇಕಾದರೂ ಮಾಡಿಕೋ, ಮ್ಯಾನೇಜರ್‌ಗೆ ಮಾತ್ರ ಬೇಡ ಅನ್ನಬೇಡ. ಕಾಗದ ಬುಧವಾರದೊಳಗೆ ಸಿಗಲಿ ಅಂತ ಈಗಲೇ ಓಡಿ ಹೋಗಿ ಹಾಕುತ್ತೇನೆ. ಬರುವಾಗ ಮೂರನೇ ಮಹಡಿ ಹತ್ತಿ ಮೌನಿಗೆ ನಿನ್ನ ಹೆಸರು ಹೇಳುತ್ತೇನೆ, ನೀನು ಯಾರು ಅಂತಲೂ ಹೇಳುತ್ತೇನೆ. ಮುಂದಿನ ಊರಿನಲ್ಲಿ ಗೇಟು ತೆರೆಯುವ ಮುಂಚೆಯೇ ನಿಂತಿರುತ್ತೇನೆ, ಎಡಗಡೆ, ಕಂಬಿ ಹಿಡಿದು. ಆದರೆ ತುಟಿ ಬಿಚ್ಚುವುದಿಲ್ಲ, ಇದು ಆಣೆ. ಯಾರಾದರೂ ಇನ್ನೊಂದು ಹಾಡಿ ಅಂತ ಕೂಗಿದರೆ, ಅದು ನಾನಲ್ಲ ಅಂತ ನಿನಗೆ ಗೊತ್ತಿರಲಿ.