ಆರು ಲೇನಿನ ರಕ್ತನಾಳ

ಮಾರ್ಚ್ 3, ಬೆಳಿಗ್ಗೆ 11
ಹೃದಯದ ನಾಳ ತೆರೆಯುವ ಕ್ಯಾಥ್ ಲ್ಯಾಬ್‌ನಲ್ಲಿ ಮೂರನೇ ಕೇಸ್. ಬಸ್ ಡ್ರೈವರ್, ನಲವತ್ತೆಂಟು, ಹಾರ್ಟ್ ಅಟ್ಯಾಕ್. ಹೃದಯದ ಬಲ ರಕ್ತನಾಳ ಇರಬೇಕಾದ್ದಕ್ಕಿಂತ ಎರಡರಷ್ಟು ಅಗಲ. ಅಗಲವಾದಷ್ಟೂ ರಕ್ತ ನಿಧಾನ — ಮಡುಗಟ್ಟಿ ಹೆಪ್ಪಾಗಿತ್ತು. ಹೀರಿ ತೆಗೆದೆವು. ಸ್ಟೆಂಟ್ ಹಾಕಲಿಲ್ಲ, ಆ ಅಳತೆಗೆ ಕೂರುವಂಥದ್ದು ಕಪಾಟಿನಲ್ಲೇ ಇಲ್ಲ. ದೊಡ್ಡ ಡಾಕ್ಟರು ಗ್ಲೌಸ್ ಎಸೆದು, "ಅಳತೆ ಮೀರಿದ ಗಿರಾಕಿ" ಅಂದರು. ಎಲ್ಲರೂ ನಕ್ಕೆವು. ನಾನೂ. ಥೂ.

ಮಾರ್ಚ್ 7
ಡಿಸ್ಚಾರ್ಜ್. ಮನೆಯವರಿಗೆ ತಿಳಿಸಿ ಹೇಳುವ ಕೆಲಸ ಎಂದಿನಂತೆ ಕಿರಿಯನಾದ ನನ್ನ ತಲೆಗೆ.
"ಬ್ಲಾಕ್ ಏನೂ ಉಳಿದಿಲ್ಲ. ನಾಳ ಅಗಲ, ಅಷ್ಟೇ."
ಡ್ರೈವರ್ ಮುಖ ಅರಳಿತು. "ಹಾಗಾದ್ರೆ ಹೈವೇ ಅನ್ನಿ ಡಾಕ್ಟ್ರೇ!"
"ಆರು ಲೇನು," ಅಂದೆ. ಹೆಂಡತಿಯೂ ನಕ್ಕಳು. ರಕ್ತ ತೆಳುವಾಗಿಸುವ ಮಾತ್ರೆ ತೋರಿಸಿ, ತಪ್ಪಿಸಬೇಡಿ ಎಂದೆ. ಯಾಕೆ ಎಂದು ಹೇಳಲಿಲ್ಲ. ಹೊಟ್ಟೆ ಹಸಿದಿತ್ತು.

ಏಪ್ರಿಲ್ 19, ಮಧ್ಯಾಹ್ನ
ಡ್ರೈವರ್ ಮತ್ತೆ ಬಂದ. ಅದೇ ನಾಳ, ಈ ಸಲ ಬುಡದಿಂದ ತುದಿವರೆಗೆ ಹೆಪ್ಪು. ಒಂದೂವರೆ ಗಂಟೆ ಹೀರಿದರೂ ರಕ್ತ ಸರಿಯಾಗಿ ಹರಿಯಲಿಲ್ಲ. ಮೂರು ವಾರದಿಂದ ಮಾತ್ರೆ ನುಂಗಿಲ್ಲವಂತೆ.
"ಮಾತ್ರೆ ತಗೊಂಡಾಗಿಂದ ಹಲ್ಲುಜ್ಜಿದ್ರೆ ರಕ್ತ ಬರ್ತಿತ್ತು. ರಸ್ತೆ ಇಷ್ಟು ಅಗಲ ಇದ್ದ ಮೇಲೆ ಮಾತ್ರೆ ಯಾಕೇ ಅಂದ್ರು ಇವ್ರು," ಎಂದಳು ಹೆಂಡತಿ. "ಬ್ಲಾಕ್ ಇಲ್ಲ ಅಂದಿದ್ರಲ್ಲ ನೀವು?"
ಬೈದಿದ್ದರೆ ಚೆನ್ನಾಗಿತ್ತು. ಬರೀ ಕೇಳಿದಳು.

ಸಂಜೆ 4
ದೊಡ್ಡ ಡಾಕ್ಟರು ಫೈಲ್ ತಳ್ಳಿದರು. "ರೋಗಿಯ ನಿರ್ಲಕ್ಷ್ಯ ಅಂತ ಬರೀರಿ."
"ಸರ್, ನಾನೇ ಸರಿಯಾಗಿ ಹೇಳಿರಲಿಲ್ಲ..."
"ಅದನ್ನೂ ಬರೀತೀರಾ? ದೊಡ್ಡ ಸತ್ಯಹರಿಶ್ಚಂದ್ರ!"
ಅವರು ಹೇಳಿದ್ದನ್ನೇ ಬರೆದೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಅಸಹ್ಯ ಅವರ ಮೇಲಲ್ಲ. ಅವರನ್ನು ಮನಸ್ಸಿನಲ್ಲೇ ಬೈದು ಒಳ್ಳೆಯವನಾಗಲು ಹೊರಟ ನನ್ನ ಮೇಲೆ.

ಏಪ್ರಿಲ್ 20, ಬೆಳಿಗ್ಗೆ 9
ಡ್ರೈವರಿಗೆ ಎಚ್ಚರವಾಗಿದೆ. ಬಿ.ಪಿ. ಇಳಿಯುತ್ತಲೇ ಇದೆ. ನನ್ನನ್ನು ಕಂಡು ಕೈ ಮುಗಿದ.
"ತಪ್ಪು ನಂದೇ ಡಾಕ್ಟ್ರೇ. ನೀವು ಹೇಳಿದ್ರಿ, ನಾನೇ ಕೇಳಲಿಲ್ಲ. ಬೈಬೇಡಿ."
ಅಲ್ಲ ಎನ್ನಬೇಕಿತ್ತು. "ಪರವಾಗಿಲ್ಲ ಬಿಡಿ" ಎಂದೆ. ಕ್ಷಮಿಸುವವನ ಗತ್ತಿನಲ್ಲಿ! ಥೂ ನನ್ನ ಜನ್ಮಕ್ಕೆ.

9.40
ಡ್ಯೂಟಿ ರೂಮು. ಫೈಲ್ ತರಿಸಿದೆ. 'ರೋಗಿಯ ನಿರ್ಲಕ್ಷ್ಯ' ಎಂಬ ಸಾಲು ಹೊಡೆದುಹಾಕಿ ಕೆಳಗೆ ನಿಜ ಬರೆದು ಸಹಿ ಹಾಕಿದೆ. ಡ್ರೈವರಿಗೂ ಹೇಳಬೇಕು — ತಪ್ಪು ನಿಮ್ಮದಲ್ಲ, ನನ್ನದು ಎಂದು. ಈಗಲೇ, ಕಿವಿ ಕೇಳುವಾಗಲೇ.
ಐಸಿಯು ನರ್ಸಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಓಡಿ ಬಂದಿದ್ದಾಳೆ, ಆದರೆ "ಬೇಗ ಬನ್ನಿ" ಅನ್ನುತ್ತಿಲ್ಲ. "ಡ್ರೈವರ್ ಹೋಗ್ಬಿಟ್ರು ಸರ್" ಅನ್ನುತ್ತಿದ್ದಾಳೆ —